ಸೀನು ನಿಲ್ಲಿಸುವ ಮಾತ್ರೆ, ತೂಕಡಿಸುವ ಮಿದುಳು

ಮನೆಯಿಂದ ಹೊರಡುವ ಹೊತ್ತಿಗೆ ಒಂಟಿ ಸೀನು ಕೇಳಿಸಿದರೆ ಹೆಜ್ಜೆ ಹಿಂದಕ್ಕಿಟ್ಟು, ಎರಡು ನಿಮಿಷ ಕೂತು, ಒಂದು ಲೋಟ ನೀರು ಕುಡಿದು ಹೊರಡುವುದು ನಮ್ಮ ಕಡೆಯ ಹಳೆಯ ರೂಢಿ. ಆದರೆ ಬೆಳಿಗ್ಗೆ ಎದ್ದೊಡನೆ ಹತ್ತಿಪ್ಪತ್ತು ಸಲ ಸಾಲಾಗಿ ಸೀನುವವರು, ಸೋರುವ ಮೂಗನ್ನು ಒರೆಸಿಕೊಳ್ಳುತ್ತ, ಕಣ್ಣುಜ್ಜುತ್ತ ಕಚೇರಿಗೆ ಹೊರಡುವವರು ಶಕುನ ನೋಡುತ್ತ ಕೂರುವಂತಿಲ್ಲ. ಅವರ ದಾರಿ ನೇರವಾಗಿ ಬೀದಿ ಕೊನೆಯ ಔಷಧದ ಅಂಗಡಿಗೆ. ‘ಅಲರ್ಜಿಗೆ ಒಂದು ಮಾತ್ರೆ ಕೊಡಿ’ ಎಂದರೆ ಸಾಕು, ಸ್ಟ್ರಿಪ್ಪಿನಿಂದ ಕತ್ತರಿಸಿದ ಎರಡು ಮಾತ್ರೆ ಕೈಗೆ ಬೀಳುತ್ತವೆ. ಆ ತುಂಡಿನ ಮೇಲೆ ಔಷಧದ ಹೆಸರು ಅರ್ಧ ಉಳಿದಿರುತ್ತದೆ. ಎಚ್ಚರಿಕೆಯ ಸಾಲು ಅಂಗಡಿಯಲ್ಲೇ ಉಳಿದಿರುತ್ತದೆ.

ಹೀಗೆ ಕೈಗೆ ಬರುವುದು ಬಹುಮಟ್ಟಿಗೆ ಆಂಟಿಹಿಸ್ಟಮಿನ್ ವರ್ಗದ ಔಷಧ. ಅವಿಲ್, ಬೆನಾಡ್ರಿಲ್, ಫೆನರ್ಗನ್, ಸೆಟ್ರಿಜಿನ್ ಎಂಬ ಹೆಸರುಗಳು ಮನೆಮಾತಾಗಿವೆ. ಬೆಲೆ ಕಡಿಮೆ, ಗುಣ ಬೇಗ. ಆದ್ದರಿಂದ ನಿರಪಾಯ ಎಂಬ ನಂಬಿಕೆಯೂ ಬೆಳೆದುಬಿಟ್ಟಿದೆ. ಆದರೆ ಈ ಪುಟ್ಟ ಮಾತ್ರೆಯ ಹಿಂದೆ ಹಲವು ನೊಬೆಲ್ ಪುರಸ್ಕೃತರ ದುಡಿಮೆ ಇದೆ. ಕೋಟ್ಯಂತರ ಜನ ನುಂಗಿದ ಮೇಲೆ ಅಪಾಯಕರವೆಂದು ಗೊತ್ತಾಗಿ ಮಾರುಕಟ್ಟೆಯಿಂದ ಹೊರಬಿದ್ದ ಔಷಧಗಳ ಕಥೆಯೂ ಇದೆ. ಇದನ್ನು ಹೇಗೆ ಸೇವಿಸಬೇಕು, ಯಾವಾಗ ಸೇವಿಸಬಾರದು ಎಂಬ ಪ್ರಶ್ನೆಗೆ ಉತ್ತರ ಆ ಚರಿತ್ರೆಯಲ್ಲೇ ಅಡಗಿದೆ.

ಹುಲ್ಲಿನ ಜ್ವರ, ಕಡಲಿನ ವಿಷ

1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ ಅಲ್ಲಿನ ವೈದ್ಯರ ಸಂಘದ ಮುಂದೆ ಒಂದು ವಿಚಿತ್ರ ಕಾಯಿಲೆಯ ವಿವರ ಓದಿದ. ರೋಗಿಗೆ ಪ್ರತಿ ವರ್ಷ ಬೇಸಿಗೆಯ ಆರಂಭದಲ್ಲಿ ಕಣ್ಣು ಕೆಂಪಾಗಿ ಉರಿಯುತ್ತದೆ, ಸೀನು ತಡೆಯಿಲ್ಲದೆ ಬರುತ್ತದೆ, ಎದೆ ಬಿಗಿಯುತ್ತದೆ. ಕೆಲವು ವಾರ ಕಳೆದರೆ ಎಲ್ಲವೂ ತಾನಾಗಿಯೇ ಮಾಯ. ಆ ರೋಗಿ ಸ್ವತಃ ಬಾಸ್ಟಾಕನೇ ಆಗಿದ್ದ. ಹುಲ್ಲು ಕೊಯ್ದು ಒಣಗಿಸುವ ಕಾಲದಲ್ಲಿ ಬರುವ ಕಾಯಿಲೆಯೆಂದು ಜನ ಇದನ್ನು ‘ಹೇ ಫೀವರ್’, ಅಂದರೆ ಒಣಹುಲ್ಲಿನ ಜ್ವರ ಎಂದು ಕರೆದರು. ನಿಜ ನೋಡಿದರೆ ಇದರಲ್ಲಿ ಜ್ವರ ಇರುವುದಿಲ್ಲ. ತಪ್ಪು ಒಣಹುಲ್ಲಿನದೂ ಅಲ್ಲ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿಯೂ ಇದೇ ಕಾಯಿಲೆಯಿಂದ ನರಳುತ್ತಿದ್ದ ವೈದ್ಯ. ಆತ ತನ್ನ ಮೂಗು, ಚರ್ಮಗಳ ಮೇಲೆಯೇ ಪ್ರಯೋಗ ಮಾಡಿಕೊಂಡ. ಅಂಟು ಸವರಿದ ಗಾಜಿನ ತುಂಡನ್ನು ಗಾಳಿಪಟಕ್ಕೆ ಕಟ್ಟಿ ಮೇಲೆ ಹಾರುವ ಪರಾಗವನ್ನು ಹಿಡಿದ. ಹುಲ್ಲುಗಳ ಪರಾಗವೇ ಈ ಕಾಟದ ಮೂಲವೆಂದು 1873ರ ತನ್ನ ಪುಸ್ತಕದಲ್ಲಿ ತೋರಿಸಿಕೊಟ್ಟ.

ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪರಾಗದ ಕಣ ಒಬ್ಬನನ್ನು ಕಾಡಿ ಪಕ್ಕದವನನ್ನು ಬಿಡುವುದೇಕೆ? ಸುಳಿವು ಸಿಕ್ಕಿದ್ದು ಕಡಲಿನಲ್ಲಿ. 1901ರಲ್ಲಿ ಮೊನಾಕೊದ ದೊರೆ ಒಂದನೆಯ ಆಲ್ಬರ್ಟನ ಹಡಗಿನಲ್ಲಿ ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ ಕುಟುಕುವ ಕಡಲಜೀವಿಗಳ ವಿಷವನ್ನು ಅಭ್ಯಾಸ ಮಾಡಿದರು. ಫ್ರಾನ್ಸಿಗೆ ಮರಳಿದ ಮೇಲೆ ಸೀ ಅನಿಮೋನ್ ಎಂಬ ಜೀವಿಯ ವಿಷದಿಂದ ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದರು. ಒಮ್ಮೆ ಸ್ವಲ್ಪ ವಿಷ ತಾಳಿಕೊಂಡ ನಾಯಿಗೆ ಮುಂದೆ ಅದರಿಂದ ರಕ್ಷಣೆ ಸಿಗಬೇಕೆಂಬುದು ಅವರ ನಿರೀಕ್ಷೆ. ನಡೆದದ್ದು ತದ್ವಿರುದ್ಧ. ಕೆಲವು ವಾರಗಳ ಬಳಿಕ ಅತ್ಯಲ್ಪ ಪ್ರಮಾಣದ ವಿಷ ಕೊಟ್ಟಾಗ, ಆರೋಗ್ಯವಾಗಿಯೇ ಇದ್ದ ನಾಯಿಗಳು ಏದುಸಿರು ಬಿಡುತ್ತ ನಿಮಿಷಗಳಲ್ಲಿ ಸತ್ತವು. 1902ರಲ್ಲಿ ಇದಕ್ಕೆ ‘ಅನಾಫಿಲಾಕ್ಸಿಸ್’ ಎಂಬ ಹೆಸರು ಬಂತು. ರಿಶೆಗೆ 1913ರ ನೊಬೆಲ್ ಪ್ರಶಸ್ತಿ ಸಂದಿತು.

ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳಬಲ್ಲದು ಎಂಬುದು ಅಂದಿನ ವೈದ್ಯಲೋಕಕ್ಕೆ ಹೊಸ ಅರಿವು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಇಂಥ ಬದಲಾದ ಪ್ರತಿಕ್ರಿಯೆಗೆ ‘ಅಲರ್ಜಿ’ ಎಂಬ ಹೊಸ ಪದವನ್ನು ಕಟ್ಟಿಕೊಟ್ಟ.

ಒಂದೇ ವಸ್ತು, ಎರಡು ಕೆಲಸ

ಈ ಗಲಭೆಯಲ್ಲಿ ಮುಖ್ಯ ಪಾತ್ರ ವಹಿಸುವ ರಾಸಾಯನಿಕವನ್ನು 1907ರಲ್ಲಿ ಜರ್ಮನಿಯ ಇಬ್ಬರು ರಸಾಯನ ವಿಜ್ಞಾನಿಗಳಾದ ವಿಂಡೌಸ್ ಮತ್ತು ಫೋಕ್ಟ್ ಪ್ರಯೋಗಶಾಲೆಯಲ್ಲಿ ತಯಾರಿಸಿದ್ದರು. ಅದು ದೇಹದಲ್ಲಿ ಮಾಡುವ ಕೆಲಸ ಆಗ ಯಾರಿಗೂ ತಿಳಿದಿರಲಿಲ್ಲ. ರೈ ಎಂಬ ಧಾನ್ಯದ ತೆನೆಗೆ ಹತ್ತುವ ಶಿಲೀಂಧ್ರದಲ್ಲಿ ಅದೇ ವಸ್ತು ಇರುವುದನ್ನು 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಜಾರ್ಜ್ ಬಾರ್ಜರ್ ಕಂಡುಕೊಂಡರು. ಅದನ್ನು ಪ್ರಾಣಿಗಳಿಗೆ ಚುಚ್ಚಿದಾಗ ರಕ್ತದೊತ್ತಡ ಕುಸಿಯಿತು, ಶ್ವಾಸನಾಳ ಬಿಗಿಯಿತು. ರಿಶೆಯ ನಾಯಿಗಳಿಗೆ ಆದದ್ದಕ್ಕೂ ಇದಕ್ಕೂ ಹೋಲಿಕೆ ಎದ್ದು ಕಾಣುತ್ತಿತ್ತು. 1927ರಲ್ಲಿ ಡೇಲ್ ಮತ್ತು ಸಂಗಡಿಗರು ಯಕೃತ್ತು, ಶ್ವಾಸಕೋಶಗಳ ಅಂಗಾಂಶದಲ್ಲೇ ಈ ವಸ್ತು ಸಹಜವಾಗಿ ಇದೆಯೆಂದು ಸಾಬೀತು ಮಾಡಿದರು. ಅಂಗಾಂಶಕ್ಕೆ ಇರುವ ಗ್ರೀಕ್ ಪದದಿಂದ ಬಂದ ಹೆಸರು ಹಿಸ್ಟಮಿನ್.

ಅಲರ್ಜಿ ಇರುವವರ ಮೂಗು, ಕಣ್ಣು, ಚರ್ಮಗಳಲ್ಲಿ ಮಾಸ್ಟ್ ಕೋಶಗಳೆಂಬ ಪುಟ್ಟ ಮದ್ದಿನ ಚೀಲಗಳು ಕಾದು ಕೂತಿರುತ್ತವೆ. ಒಗ್ಗದ ಪರಾಗವೋ ದೂಳೋ ಆಹಾರವೋ ತಾಗಿದೊಡನೆ ಚೀಲ ಒಡೆದು ಹಿಸ್ಟಮಿನ್ ಚೆಲ್ಲುತ್ತದೆ. ಅದು ಜೀವಕೋಶಗಳ ಮೇಲಿನ ಗ್ರಾಹಕಗಳಲ್ಲಿ, ಬೀಗದಲ್ಲಿ ಕೀಲಿ ಕೂರುವಂತೆ ಕೂರುತ್ತದೆ. ಆಗ ಸಣ್ಣ ರಕ್ತನಾಳಗಳು ಸಡಿಲಗೊಂಡು ದ್ರವ ಹೊರಸೂಸುತ್ತದೆ, ನರಗಳು ಕೆರಳುತ್ತವೆ. ಮೂಗಿನಲ್ಲಾದರೆ ಸೀನು, ಸೋರಿಕೆ. ಚರ್ಮದಲ್ಲಾದರೆ ಹಳ್ಳಿಯವರು ಪಿತ್ತಗಂಧೆ ಎನ್ನುವ ದದ್ದು, ತುರಿಕೆ.

ಇಷ್ಟೇ ಆಗಿದ್ದರೆ ಹಿಸ್ಟಮಿನ್ನನ್ನು ವೈರಿ ಎಂದು ಬಗೆದು ಸುಮ್ಮನಾಗಬಹುದಿತ್ತು. ಆದರೆ ದೇಹಕ್ಕೆ ಅದರಿಂದ ನಿತ್ಯದ ಕೆಲಸಗಳೂ ಇವೆ. ಜಠರದಲ್ಲಿ ಆಮ್ಲ ಸುರಿಯಲು ಅದು ಬೇಕು. ಮಿದುಳಿನಲ್ಲಿ ಹಿಸ್ಟಮಿನ್ ಸೂಸುವ ನರಕೋಶಗಳ ಒಂದು ಗುಂಪೇ ಇದ್ದು, ಮನುಷ್ಯನನ್ನು ಎಚ್ಚರವಾಗಿ, ಚುರುಕಾಗಿ ಇಡುವುದರಲ್ಲಿ ಅದಕ್ಕೆ ಪಾಲಿದೆ. ಅಂದರೆ ಮೂಗಿನಲ್ಲಿ ಸೀನು ತರಿಸುವ ವಸ್ತುವೇ ಮಿದುಳಿನಲ್ಲಿ ಎಚ್ಚರದ ಕಾವಲುಗಾರ. ಎರಡೂ ಕಡೆ ಬೀಗ ಒಂದೇ ಬಗೆಯದು. ಆಂಟಿಹಿಸ್ಟಮಿನ್‌ಗಳ ಮುಖ್ಯ ತೊಡಕೊಂದು ಹುಟ್ಟುವುದು ಇಲ್ಲಿಂದ.

ಬೀಗಕ್ಕೆ ಸುಳ್ಳು ಕೀಲಿ

ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಆನ್ ಮರಿ ಸ್ಟೌಬ್ 1937ರಲ್ಲಿ ಹಿಸ್ಟಮಿನ್ನಿನ ಬೀಗಕ್ಕೆ ಸುಳ್ಳು ಕೀಲಿಯೊಂದನ್ನು ಕಂಡುಹಿಡಿದರು. ಅದು ಬೀಗದಲ್ಲಿ ಕೂರುತ್ತಿತ್ತು, ತೆರೆಯುತ್ತಿರಲಿಲ್ಲ. ನಿಜವಾದ ಕೀಲಿಗೆ ಜಾಗ ಬಿಡುತ್ತಿರಲಿಲ್ಲ. ಮಾರಕ ಪ್ರಮಾಣದ ಹಿಸ್ಟಮಿನ್ ಚುಚ್ಚಿದ ಗಿನಿಯಿಲಿಗಳು ಅದರಿಂದ ಬದುಕಿಕೊಂಡವು. ಆದರೆ ಆ ವಸ್ತು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿ. ಮನುಷ್ಯರಿಗೆ ಬಳಸಬಹುದಾದ ಮೊದಲ ಆಂಟಿಹಿಸ್ಟಮಿನ್ ಆಂಟರ್ಗಾನ್. 1942ರಲ್ಲಿ ಬರ್ನಾರ್ಡ್ ಹಾಲ್ಪರ್ನ್ ಅದರ ಗುಣವನ್ನು ವರದಿ ಮಾಡಿದ. ಜಗತ್ತು ಎರಡನೆಯ ಮಹಾಯುದ್ಧದಲ್ಲಿ ಮುಳುಗಿದ್ದ ವರ್ಷಗಳಲ್ಲೇ ಅಮೆರಿಕದ ಸಿನ್ಸಿನಾಟಿಯಲ್ಲಿ ಜಾರ್ಜ್ ರೀವ್‌ಶಲ್ ಡೈಫೆನ್‌ಹೈಡ್ರಮಿನ್ ತಯಾರಿಸಿದ. ಅದು 1946ರಲ್ಲಿ ಬೆನಾಡ್ರಿಲ್ ಎಂಬ ಹೆಸರಿನಿಂದ ರೋಗಿಗಳ ಕೈಗೆ ಬಂತು. ಬೊವೆಗೆ 1957ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಸುಳ್ಳು ಕೀಲಿ ಮೂಗಿನ ಬೀಗವನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಅದು ರಕ್ತದೊಡನೆ ಮಿದುಳನ್ನೂ ಹೊಕ್ಕು ಎಚ್ಚರದ ಕಾವಲುಗಾರನನ್ನು ಮಲಗಿಸುತ್ತಿತ್ತು. ಮಾತ್ರೆ ನುಂಗಿದವರು ತೂಕಡಿಸಿದರು. ಈ ಮಂಪರನ್ನೂ ಕೆಲವರು ಉಪಯೋಗಕ್ಕೆ ತಂದರು. ಫ್ರಾನ್ಸಿನ ಶಸ್ತ್ರವೈದ್ಯ ಆನ್ರಿ ಲಾಬೊರಿ ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗಳನ್ನು ಶಾಂತಗೊಳಿಸಲು ಪ್ರೊಮೆಥಜಿನ್ ಬಳಸಿದ. ಅದೇ ಇಂದಿನ ಫೆನರ್ಗನ್. ಅದರ ಬಂಧುವಾಗಿ 1950ರ ಡಿಸೆಂಬರಿನಲ್ಲಿ ಹುಟ್ಟಿದ ಕ್ಲೋರ್‌ಪ್ರೊಮಜಿನ್ ಮನೋರೋಗ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. 1947ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ದದ್ದಿಗೆಂದು ಔಷಧ ಪಡೆದ ಮಹಿಳೆಯೊಬ್ಬರು, ಟ್ರಾಮಿನಲ್ಲಿ ಕೂತರೆ ಬರುತ್ತಿದ್ದ ತಲೆಸುತ್ತು, ವಾಕರಿಕೆ ನಿಂತಿತೆಂದು ವೈದ್ಯರಿಗೆ ತಿಳಿಸಿದರು. ಪ್ರಯಾಣದ ವಾಂತಿಗೆ ನುಂಗುವ ಡ್ರಾಮಮಿನ್ ಮಾತ್ರೆಯ ಹುಟ್ಟು ಹೀಗೆ.

ಹೊಸ ಔಷಧ ಬಂದರೆ ಅತಿಯಾಸೆಯೂ ಜೊತೆಗೇ ಬರುತ್ತದೆ. 1949 ಮತ್ತು 1950ರಲ್ಲಿ ಅಮೆರಿಕದ ಪತ್ರಿಕೆಗಳು ಆಂಟಿಹಿಸ್ಟಮಿನ್ ನೆಗಡಿಯನ್ನೇ ಗುಣಪಡಿಸುತ್ತದೆಂಬ ಜಾಹೀರಾತುಗಳಿಂದ ತುಂಬಿದವು. ಚೀಟಿಯಿಲ್ಲದೆ ಮಾತ್ರೆಗಳು ಮಾರಾಟವಾದವು. ನೆಗಡಿಗೆ ಕಾರಣ ವೈರಸ್, ಅಲರ್ಜಿಗೆ ಕಾರಣ ಬೇರೆ. ಹಳೆಯ ಬಗೆಯ ಮಾತ್ರೆ ನೆಗಡಿಯ ಸೋರಿಕೆಯನ್ನು ಸ್ವಲ್ಪ ಒಣಗಿಸೀತು. ನೆಗಡಿಯನ್ನು ವಾಸಿ ಮಾಡಲಾರದು. ಆ ಜಾಹೀರಾತುಗಳ ಅಬ್ಬರ ತಣ್ಣಗಾಗಿ ಎಷ್ಟೋ ವರ್ಷ ಕಳೆದರೂ ಮಗುವಿಗೆ ನೆಗಡಿಯಾದರೆ ಅಲರ್ಜಿಯ ಸಿರಪ್ಪು ಕುಡಿಸುವ ಅಭ್ಯಾಸ ಉಳಿದುಕೊಂಡಿದೆ.

ಮಂಪರಿಲ್ಲದ ಮಾತ್ರೆ

ಮಿದುಳಿಗೆ ಹೋಗದ ಸುಳ್ಳು ಕೀಲಿ ಸಿಕ್ಕೀತೇ? ರಕ್ತಕ್ಕೂ ಮಿದುಳಿಗೂ ನಡುವೆ ಪ್ರಕೃತಿಯೇ ಕಟ್ಟಿದ ತಡೆಯೊಂದಿದೆ. ಅದನ್ನು ದಾಟಲಾರದ ಅಣು ಬೇಕಿತ್ತು. 1970ರ ದಶಕದಲ್ಲಿ ಅಮೆರಿಕದ ಕಂಪನಿಯೊಂದರಲ್ಲಿ ತಯಾರಾದ ಟರ್ಫೆನಡಿನ್ ಅಂಥದು. 1985ರಲ್ಲಿ ಅದಕ್ಕೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದಾಗ ಅಲರ್ಜಿಯವರಿಗೆ ವರ ಸಿಕ್ಕಂತಾಯಿತು. ಸೀನೂ ಇಲ್ಲ, ನಿದ್ದೆಯೂ ಇಲ್ಲ.

1990ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ 39 ವರ್ಷದ ಮಹಿಳೆಯೊಬ್ಬರ ವರದಿ ಬಂತು. ವೈದ್ಯರು ಹೇಳಿದ ಪ್ರಮಾಣದಲ್ಲೇ ಟರ್ಫೆನಡಿನ್ ತೆಗೆದುಕೊಳ್ಳುತ್ತಿದ್ದ ಅವರು ಶಿಲೀಂಧ್ರ ಸೋಂಕಿಗೆ ಕೀಟೊಕೊನಜೋಲ್ ಮಾತ್ರೆಯನ್ನೂ ನುಂಗಿದ್ದರು. ಹೃದಯದ ಬಡಿತದ ಲಯ ತಪ್ಪಿ ಪ್ರಜ್ಞೆ ತಪ್ಪುವಂತಾಗಿತ್ತು. ಕಾರಣ ಸ್ಪಷ್ಟವಾಯಿತು. ಟರ್ಫೆನಡಿನ್ ಯಕೃತ್ತಿನಲ್ಲಿ ಬೇರೊಂದು ವಸ್ತುವಾಗಿ ಮಾರ್ಪಟ್ಟ ಮೇಲೆಯೇ ಕೆಲಸ ಮಾಡುತ್ತಿತ್ತು. ಮಾರ್ಪಡಿಸುವ ಕಿಣ್ವವನ್ನು ಕೀಟೊಕೊನಜೋಲ್, ಎರಿಥ್ರೊಮೈಸಿನ್‌ನಂಥ ಔಷಧಗಳು ತಡೆದರೆ ಮೂಲರೂಪದ ಔಷಧ ರಕ್ತದಲ್ಲಿ ಶೇಖರವಾಗಿ ಹೃದಯಕ್ಕೆ ತೊಡರುತ್ತಿತ್ತು. ಚಕ್ಕೋತವನ್ನು ಹೋಲುವ ಗ್ರೇಪ್‌ಫ್ರೂಟ್ ಹಣ್ಣಿನ ರಸಕ್ಕೂ ಆ ಕಿಣ್ವವನ್ನು ತಡೆಯುವ ಗುಣವಿತ್ತು. ಯಕೃತ್ತು ಮಾಡಿಕೊಡುತ್ತಿದ್ದ ಆ ವಸ್ತುವನ್ನೇ ನೇರವಾಗಿ ಮಾತ್ರೆ ಮಾಡಿದಾಗ ಬಂದದ್ದು ಫೆಕ್ಸೊಫೆನಡಿನ್. 1996ರಲ್ಲಿ ಅಮೆರಿಕ ಅದನ್ನು ಒಪ್ಪಿತು. ಟರ್ಫೆನಡಿನ್ 1998ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಹೊರಬಿತ್ತು. ಇಂಥದೇ ದೋಷವಿದ್ದ ಆಸ್ಟೆಮಿಜೋಲ್ 1999ರಲ್ಲಿ ಅದೇ ದಾರಿ ಹಿಡಿಯಿತು. ಭಾರತ ಎರಡನ್ನೂ 2003ರಲ್ಲಿ ನಿಷೇಧಿಸಿತು.

ಈ ಪ್ರಕರಣ ಕಲಿಸಿದ ಪಾಠ ಒಂದು ಔಷಧಕ್ಕೆ ಸೀಮಿತವಲ್ಲ. ಒಂಟಿಯಾಗಿ ಸಾಧುವಾಗಿರುವ ಮಾತ್ರೆ ಇನ್ನೊಂದರ ಜೊತೆಗೂಡಿದಾಗ ಸಾಧುವಾಗಿಯೇ ಉಳಿಯುತ್ತದೆಂಬ ಭರವಸೆ ಇಲ್ಲ. ಅಲರ್ಜಿಗೆ ವೈದ್ಯರಲ್ಲಿ ಹೋದಾಗ ಬೇರೆ ಯಾವ ಮಾತ್ರೆ ನಡೆಯುತ್ತಿದೆಯೆಂದು ಹೇಳಲೇಬೇಕು.

ತಿಳಿಯದೆ ಬರುವ ಮಂಕು

ಹಳೆಯ ಬಗೆಯ ಮಾತ್ರೆಗಳು ಮಂಪರು ತರುತ್ತವೆಂದು ಎಲ್ಲರಿಗೂ ಗೊತ್ತು. ‘ನನಗೆ ನಿದ್ದೆ ಬರುತ್ತಿಲ್ಲ, ಗಾಡಿ ಓಡಿಸಬಹುದು’ ಎಂದು ಎಷ್ಟೋ ಜನ ಹೇಳುವುದೂ ಉಂಟು. ಈ ಮಾತು ಎಷ್ಟು ನಂಬತಕ್ಕದ್ದು? ಅಮೆರಿಕದ ಅಯೋವಾದಲ್ಲಿ 40 ಚಾಲಕರನ್ನು ಕೃತಕ ಕಾರಿನಲ್ಲಿ ಕೂರಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಒಂದೊಂದು ಸರದಿಯಲ್ಲಿ ಅವರಿಗೆ ಫೆಕ್ಸೊಫೆನಡಿನ್, ಡೈಫೆನ್‌ಹೈಡ್ರಮಿನ್, ಮದ್ಯ, ಇಲ್ಲವೇ ಔಷಧವೇ ಇಲ್ಲದ ಹುಸಿಮಾತ್ರೆ ಕೊಡಲಾಗಿತ್ತು. ಎಲ್ಲಕ್ಕಿಂತ ಕಳಪೆಯಾಗಿ ಕಾರು ನಡೆಸಿದ್ದು ಡೈಫೆನ್‌ಹೈಡ್ರಮಿನ್ ನುಂಗಿದಾಗ. ಮದ್ಯ ಸೇವಿಸಿದಾಗಿಗಿಂತಲೂ ಕಳಪೆ. ಫೆಕ್ಸೊಫೆನಡಿನ್ ನುಂಗಿದಾಗ ಚಾಲನೆ ಹುಸಿಮಾತ್ರೆ ನುಂಗಿದವರಂತೆಯೇ ಇತ್ತು. ಇನ್ನೂ ಮುಖ್ಯ ಸಂಗತಿಯೊಂದಿತ್ತು. ಎಷ್ಟು ನಿದ್ದೆ ಬರುತ್ತಿದೆಯೆಂದು ಚಾಲಕರು ತಾವೇ ಹೇಳಿದ್ದಕ್ಕೂ ಅವರ ಚಾಲನೆ ಕೆಟ್ಟದ್ದಕ್ಕೂ ಸರಿಯಾದ ತಾಳೆ ಇರಲಿಲ್ಲ. ಅಂದರೆ ಮಿದುಳು ಮಂಕಾಗಿರುವುದು ಸ್ವತಃ ಮಿದುಳಿಗೇ ಗೊತ್ತಾಗದೆ ಹೋಗಬಹುದು.

ರಾತ್ರಿ ಘಾಟಿ ಇಳಿಯುವ ಲಾರಿ ಚಾಲಕ, ಯಂತ್ರದ ಮುಂದೆ ನಿಂತ ಕಾರ್ಮಿಕ, ಪರೀಕ್ಷೆಗೆ ಕೂರುವ ವಿದ್ಯಾರ್ಥಿ ಇವರೆಲ್ಲರಿಗೂ ಈ ಮಾತು ಅನ್ವಯಿಸುತ್ತದೆ. ರಾತ್ರಿ ನುಂಗಿದ ಹಳೆಯ ಮಾತ್ರೆಯ ಮಂಕು ಮರುದಿನ ಬೆಳಗಿನವರೆಗೂ ಉಳಿಯಬಲ್ಲದು. ಇದರ ಮೇಲೆ ಮದ್ಯವೋ ನಿದ್ದೆಯ ಮಾತ್ರೆಯೋ ಸೇರಿದರೆ ಬೆಂಕಿಗೆ ತುಪ್ಪ ಸುರಿದಂತೆ. ಸೆಟ್ರಿಜಿನ್ ಹೊಸ ಪೀಳಿಗೆಯದಾದರೂ ಕೆಲವರಿಗೆ ನಿದ್ದೆ ತರುತ್ತದೆ. ಯಾವುದೇ ಮಾತ್ರೆಯ ಮೊದಲ ಗುಳಿಗೆಯನ್ನು ಮನೆಯಲ್ಲಿರುವ ದಿನ ತೆಗೆದುಕೊಂಡು ನೋಡುವುದು ಜಾಣತನ.

ಯಾರಿಗೆ, ಎಷ್ಟು, ಎಲ್ಲಿಯವರೆಗೆ

ಬೆಂಗಳೂರಿನವರ ಮೂಗಿಗೆ ಪರಿಚಿತವಾದ ಕಾರಣವೊಂದು ಕಾಂಗ್ರೆಸ್ ಹುಲ್ಲು, ಅಂದರೆ ಪಾರ್ಥೇನಿಯಂ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಪರದೇಶಿ ಕಳೆ ಕರ್ನಾಟಕದ ಬಯಲುಗಳನ್ನೂ ಖಾಲಿ ನಿವೇಶನಗಳನ್ನೂ ಆವರಿಸಿತು. 1991ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಗರದ ಶೇಕಡಾ 7ರಷ್ಟು ಜನರಿಗೆ ಅದರ ಪರಾಗದಿಂದ ಮೂಗಿನ ಅಲರ್ಜಿ ಇತ್ತು. ಇಂಥ ಸೀನು, ತುರಿಕೆಗೆ ಆಂಟಿಹಿಸ್ಟಮಿನ್ ನೆರವಾಗುತ್ತದೆ. ಆದರೆ ಅದೇ ಗಿಡ ಮುಟ್ಟಿ ಚರ್ಮ ಬಿರುಕು ಬಿಡುವ ಇಸುಬು ಹುಟ್ಟುವ ಬಗೆ ಬೇರೆ; ಅಲ್ಲಿ ಹಿಸ್ಟಮಿನ್ನಿನ ಪಾತ್ರ ಕಡಿಮೆ, ಮಾತ್ರೆಯ ಪ್ರಯೋಜನವೂ ಕಡಿಮೆ. ಮೂಗು ತಿಂಗಳುಗಟ್ಟಲೆ ಕಟ್ಟಿರುವವರಿಗೆ ವೈದ್ಯರು ಸೂಚಿಸುವ ಮೂಗಿನ ಸ್ಪ್ರೇ ಮಾತ್ರೆಗಿಂತ ಹೆಚ್ಚು ಗುಣ ಕೊಡಬಹುದು.

ಸೆಟ್ರಿಜಿನ್ ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, 10 ಮಿಲಿಗ್ರಾಂ. ಸೀನು ನಿಲ್ಲಲಿಲ್ಲವೆಂದು ಎರಡು, ಮೂರು ನುಂಗುವುದು ಸಲ್ಲ. ಮೂತ್ರಪಿಂಡ ದುರ್ಬಲವಾಗಿದ್ದವರಿಗೆ ಆ ಪ್ರಮಾಣವೂ ಹೆಚ್ಚಾಗಬಹುದು. ನೆಗಡಿ, ಕೆಮ್ಮಿನ ಎಷ್ಟೋ ಮಿಶ್ರಣಗಳಲ್ಲಿ ಆಂಟಿಹಿಸ್ಟಮಿನ್ ಮೊದಲೇ ಸೇರಿರುತ್ತದೆ. ಮಾತ್ರೆಯೊಂದು, ಸಿರಪ್ಪೊಂದು ಎಂದು ತೆಗೆದುಕೊಂಡವರು ತಿಳಿಯದೆ ಎರಡು ಪಾಲು ನುಂಗಿರುತ್ತಾರೆ. ಫೆಕ್ಸೊಫೆನಡಿನ್ ಅನ್ನು ಹಣ್ಣಿನ ರಸದೊಡನೆ ನುಂಗಿದರೆ ಅದು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ; ನೀರೇ ಲೇಸು. ತಿಂಗಳು, ವರ್ಷಗಟ್ಟಲೆ ದಿನವೂ ಸೆಟ್ರಿಜಿನ್ ತೆಗೆದುಕೊಂಡು ನಿಲ್ಲಿಸಿದ ಕೆಲವರಿಗೆ ತೀವ್ರ ತುರಿಕೆ ಕಾಣಿಸಿದ್ದನ್ನು ಅಮೆರಿಕದ ಔಷಧ ಆಡಳಿತ 2025ರಲ್ಲಿ ಎಚ್ಚರಿಸಿದೆ. ಅಂಥ ದೀರ್ಘ ಬಳಕೆ ವೈದ್ಯರ ಕಣ್ಣಳತೆಯಲ್ಲೇ ಇರಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮೊದಲೇ ಕೇಳಿ ತೆಗೆದುಕೊಳ್ಳಬೇಕು.

ಮುದುಕರಿಗೂ ಎಳೆಯರಿಗೂ ಹಳೆಯ ಮಾತ್ರೆಗಳು ಹೆಚ್ಚು ಅಪಾಯಕರ. ಅವು ಬಾಯಿ ಒಣಗಿಸುತ್ತವೆ, ಪ್ರಾಸ್ಟೇಟ್ ಊದಿರುವವರಿಗೆ ಮೂತ್ರ ಕಟ್ಟಿಸುತ್ತವೆ, ಕೆಲವು ಬಗೆಯ ಗ್ಲಾಕೋಮಾವನ್ನು ಕೆರಳಿಸುತ್ತವೆ. ವಯಸ್ಸಾದವರಿಗೆ ಮನಸ್ಸು ಗೊಂದಲಗೊಂಡು ರಾತ್ರಿ ಎದ್ದಾಗ ಬೀಳುವ ಭಯವೂ ಉಂಟು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಕೊಟ್ಟರೆ ಉಸಿರಾಟ ಕುಗ್ಗಬಹುದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ನೆಗಡಿಯ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದರು. ರಚ್ಚೆ ಹಿಡಿದ ಮಗುವನ್ನು ಮಲಗಿಸಲು ಅಲರ್ಜಿಯ ಸಿರಪ್ಪು ಕುಡಿಸುವುದಂತೂ ಎಂದೂ ಕೂಡದು.

ಎಲ್ಲಕ್ಕಿಂತ ಮುಖ್ಯವಾದದ್ದು ರಿಶೆಯ ನಾಯಿಗಳು ಕಲಿಸಿದ ಪಾಠ. ಹೆಜ್ಜೇನು ಕಡಿದೋ, ಒಗ್ಗದ ಔಷಧ, ಆಹಾರ ಸೇವಿಸಿದೊಡನೆಯೋ ನಾಲಿಗೆ, ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಕುಸಿದರೆ ಅದು ಅನಾಫಿಲಾಕ್ಸಿಸ್. ಆಗ ಚೆಲ್ಲುವುದು ಹಿಸ್ಟಮಿನ್ ಒಂದೇ ಅಲ್ಲ; ಮಾತ್ರೆ ರಕ್ತಕ್ಕೆ ಸೇರುವಷ್ಟು ಹೊತ್ತೂ ಇರುವುದಿಲ್ಲ. ಕುಸಿದ ರಕ್ತದೊತ್ತಡವನ್ನು ಎತ್ತಿ ಶ್ವಾಸನಾಳವನ್ನು ತೆರೆಯಬಲ್ಲದ್ದು ತೊಡೆಗೆ ಚುಚ್ಚುವ ಅಡ್ರಿನಲಿನ್ ಇಂಜೆಕ್ಷನ್. ‘ಒಂದು ಅವಿಲ್ ಕೊಟ್ಟಿದ್ದೇವೆ, ನೋಡೋಣ’ ಎಂದು ಕಾಯುವ ನಿಮಿಷಗಳು ಜೀವದ ನಿಮಿಷಗಳು. 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು.

ಭಾರತದ 1945ರ ಔಷಧ ನಿಯಮಗಳ ‘ಜಿ’ ಪಟ್ಟಿಯಲ್ಲಿ ಹಳೆಯ ಆಂಟಿಹಿಸ್ಟಮಿನ್‌ಗಳ ಹೆಸರುಗಳಿವೆ. ಈ ಪಟ್ಟಿಯ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸೇವಿಸುವುದು ಅಪಾಯಕರ ಎಂಬ ಸಾಲನ್ನು ಹೊದಿಕೆಯ ಮೇಲೆ ಅಚ್ಚು ಹಾಕಬೇಕೆಂಬುದು ನಿಯಮ. ಎರಡೇ ಮಾತ್ರೆ ಕತ್ತರಿಸಿ ಕೊಂಡಾಗ ಕೈತಪ್ಪಿ ಹೋಗುವುದು ಆ ಸಾಲೇ. ಒಂಟಿ ಸೀನಿಗೆ ಎರಡು ನಿಮಿಷ ಕೂತು ನೀರು ಕುಡಿಯುವ ಹಿರಿಯರ ರೂಢಿಯಲ್ಲಿ ಶಕುನ ಎಷ್ಟಿತ್ತೋ, ಬಿಡಿ. ಸಾಲುಸೀನಿನವರೂ ಮಾತ್ರೆ ಬಾಯಿಗೆ ಹಾಕುವ ಮೊದಲು ಅಷ್ಟೇ ಹೊತ್ತು ಕೂತು ಹೆಸರು, ಪ್ರಮಾಣ, ಎಚ್ಚರಿಕೆಗಳನ್ನು ಓದಿಕೊಂಡರೆ ಹೊರಟ ಪ್ರಯಾಣ ಕ್ಷೇಮವಾಗಿ ಮುಗಿದೀತು.